ಅಂಗಡಿ ತೆರೆದೇ ಇತ್ತು, ದಾರಿ ಮುಚ್ಚಿತ್ತು

"ಹಪ್ಪಳ ಮಾಡೋದು ನಿಲ್ಲಿಸಿಬಿಟ್ರಾ ಸಾರ್?"

2024ರ ಮೇ ತಿಂಗಳ ಒಂದು ಸಂಜೆ ಬೆಂಗಳೂರಿನಿಂದ ಬಂದ ಫೋನು. ಮೂರು ವರ್ಷಗಳಿಂದ ನಮ್ಮಲ್ಲಿಂದ ಹಲಸಿನ ಹಪ್ಪಳ ತರಿಸುವ ಗಿರಾಕಿ. ಆ ಹೊತ್ತಿಗೆ ನಾನು ಅಂಗಳದಲ್ಲಿ ಒಣಗಿದ ಹಪ್ಪಳ ಎತ್ತಿ ಚಾಪೆ ಸುತ್ತುತ್ತಿದ್ದೆ. "ಇಲ್ಲ ಅಮ್ಮ, ಇವತ್ತೂ ನಾನೂರು ಒತ್ತಿದ್ದೇವೆ" ಅಂದೆ.

"ಮತ್ತೆ ಗೂಗಲ್‌ನಲ್ಲಿ ನಿಮ್ಮ ಅಂಗಡೀನೇ ಬರ್ತಿಲ್ವಲ್ಲ? ಹೋದ ವರ್ಷ ಹುಡುಕಿದ ಕೂಡಲೇ ಬರ್ತಿತ್ತು. ಹಳೇ ಪೊಟ್ಟಣದ ಮೇಲೆ ನಂಬರಿತ್ತು, ಅದಕ್ಕೆ ಫೋನ್ ಮಾಡಿದೆ."

ಆಕೆ ಪೊಟ್ಟಣ ಬಿಸಾಡದೆ ಇಟ್ಟದ್ದು ನಮ್ಮ ಪುಣ್ಯ. ಬಿಸಾಡಿದವರು ಎಷ್ಟು ಮಂದಿಯೋ!

ಹಾಗೆ ನೋಡಿದರೆ ಅದಕ್ಕಿಂತ ಎರಡು ವಾರ ಮೊದಲೇ ಆರ್ಡರ್ ಇಳಿದದ್ದು ನಮ್ಮ ಗಮನಕ್ಕೆ ಬಂದಿತ್ತು. ಲೋಕಸಭಾ ಚುನಾವಣೆಯ ಗಡಿಬಿಡಿ, ಮಕ್ಕಳಿಗೆ ರಜೆ, ಜನ ಊರಿಗೆ ಹೋಗಿರಬಹುದು ಎಂದೆಲ್ಲ ನಮಗೆ ನಾವೇ ಸಮಾಧಾನ ಹೇಳಿಕೊಂಡಿದ್ದೆವು. ತೋಟದಲ್ಲಿ ಒಂದು ಮರದ ಸೋಗೆ ಬಾಡಿದರೆ ಅದೇ ದಿನ ಬುಡ ನೋಡುವ ನಾವು, ಅಂಗಡಿ ಬಾಡಿದಾಗ ಹದಿನೈದು ದಿನ ಸುಮ್ಮನೆ ಕೂತಿದ್ದೆವು.

ಈ ಪತ್ರಿಕೆಯಲ್ಲಿ ಕೊಳೆರೋಗದ ಬಗ್ಗೆ ಬರೆಯುವ ಜಾಗದಲ್ಲಿ ಇದೆಂತ ಗೂಗಲ್ ಪುರಾಣ ಎನ್ನಬೇಡಿ. 2020ರ ಲಾಕ್‌ಡೌನಿನ ನಂತರ ನಮ್ಮಂಥ ಸಣ್ಣ ಕೃಷಿಕರು ಎಷ್ಟೋ ಮಂದಿ ನೇರ ಮಾರಾಟಕ್ಕೆ ಇಳಿದಿದ್ದಾರೆ. ಕೆಲವರು ಸ್ವಂತ ವೆಬ್‌ಸೈಟನ್ನೂ ಮಾಡಿಸಿದ್ದಾರೆ. ಜೇನು, ಬೆಲ್ಲ, ಮಿಡಿ ಉಪ್ಪಿನಕಾಯಿ, ಮಾಂಬಳ, ಕೆಂಪಕ್ಕಿ ಎಲ್ಲ ಈಗ ಪರದೆಯ ಮೇಲೆ ಮಾರಾಟಕ್ಕುಂಟು. ಆದರೆ ಗೂಗಲಿನಲ್ಲಿ ಸಿಗದ ಅಂಗಡಿ, ಕವಲು ರಸ್ತೆಯಲ್ಲಿ ಫಲಕವಿಲ್ಲದ ಅಂಗಡಿಯ ಹಾಗೆ. ಗೊತ್ತಿದ್ದವರು ಮಾತ್ರ ಬರುತ್ತಾರೆ.

ಎಡವಿದ್ದು ನಾವೇ. ಎದ್ದು ನಿಂತ ಮೇಲೆ ತಿಳಿದದ್ದನ್ನು ಹೇಳುತ್ತಿದ್ದೇನೆ, ಅಷ್ಟೆ.

ಮೂರು ಕೆಲಸ, ಮೂರು ಕಡೆ ಕೊಂಡಿ ಕಳಚಬಹುದು

ಗೂಗಲ್ 1998ರಲ್ಲಿ ಶುರುವಾದ ಕಂಪೆನಿ. ಅದರ ಹುಡುಕುವ ವ್ಯವಸ್ಥೆಯನ್ನು ಒಂದು ದೊಡ್ಡ ಖಾತೆ ಪುಸ್ತಕ ಎಂದುಕೊಳ್ಳಿ. ಅದು ಮಾಡುವ ಕೆಲಸ ಮೂರು. ಮೊದಲನೆಯದು, ಗೂಗಲ್‌ಬಾಟ್ ಎಂಬ ಅದರ ತಿರುಗಾಳು ಊರೂರು ಸುತ್ತಿ ಪುಟಗಳನ್ನು ಓದುವುದು. ಇದು ಆಳಲ್ಲ, ಒಂದು ಕಂಪ್ಯೂಟರ್ ಪ್ರೋಗ್ರಾಂ. ಎರಡನೆಯದು, ಓದಿದ್ದರಲ್ಲಿ ಇಡಬೇಕೆನಿಸಿದ್ದನ್ನು ಪುಸ್ತಕದಲ್ಲಿ ದಾಖಲಿಸುವುದು. ಮೂರನೆಯದು, ಯಾರಾದರೂ ಕೇಳಿದಾಗ ಪುಸ್ತಕದಿಂದ ತೆಗೆದು ಸಾಲಾಗಿ ತೋರಿಸುವುದು.

ಪುಟ ಮಾಯವಾಯಿತು ಎನ್ನುವಾಗ ಈ ಮೂರರಲ್ಲಿ ಎಲ್ಲಿ ಕೊಂಡಿ ಕಳಚಿದೆ ಎಂದು ಮೊದಲು ತಿಳಿಯಬೇಕು. ತಿರುಗಾಳಿಗೆ ಒಳಗೆ ಬರಲಾಗದೆ ಹೋಯಿತೇ? ಬಂದರೂ ಬರೆದುಕೊಳ್ಳಲಿಲ್ಲವೇ? ಅಥವಾ ಬರೆದುಕೊಂಡಿದ್ದರೂ ಹಿಂದಿನ ಸಾಲಿಗೆ ತಳ್ಳಿತೇ? ಮೂರಕ್ಕೂ ಮದ್ದು ಬೇರೆ ಬೇರೆ. ಹಳದಿ ಎಲೆ ರೋಗದ ತೋಟಕ್ಕೆ ಬೋರ್ಡೋ ಬಿಟ್ಟರೆ ಮದ್ದೂ ಖರ್ಚು, ಸಂಬಳವೂ ಖರ್ಚು, ರೋಗ ಇದ್ದಲ್ಲೇ ಇರುತ್ತದೆ. ಇಲ್ಲಿಯೂ ಹಾಗೆಯೇ.

ನಮ್ಮ ಪೇಟೆಯಲ್ಲಿ ವಿಚಾರಿಸಿದಾಗ ಸಿಕ್ಕಿದ ಉತ್ತರ ಒಂದೇ: "ಗೂಗಲಿನ ಹೊಸ ಅಪ್‌ಡೇಟು ಬಂದಿದೆ, ಎಲ್ಲರದ್ದೂ ಹೋಗಿದೆ." ಮಾತು ಪೂರ್ತಿ ಸುಳ್ಳಲ್ಲ. ಆ ವರ್ಷ ಮಾರ್ಚ್ 5ರಿಂದ ಏಪ್ರಿಲ್ 19ರವರೆಗೆ ಗೂಗಲ್ ತನ್ನ ಲೆಕ್ಕಾಚಾರದಲ್ಲಿ ದೊಡ್ಡ ಬದಲಾವಣೆ ಮಾಡಿದ್ದು ನಿಜ. ಎಷ್ಟೋ ವೆಬ್‌ಸೈಟುಗಳು ಆಗ ಹಿಂದೆ ಬಿದ್ದದ್ದೂ ನಿಜ. ಅದನ್ನೇ ನಂಬಿ ಕೂತಿದ್ದರೆ ನಾವು ಇಂದಿಗೂ ಗೂಗಲಿಗೆ ಶಾಪ ಹಾಕುತ್ತಿದ್ದೆವು. ನಮ್ಮ ಅಂಗಡಿಗೆ ಆದದ್ದೇ ಬೇರೆ.

ಬಾಗಿಲಲ್ಲೇ ಬೋರ್ಡು!

ಅಣ್ಣನ ಮಗಳು ಮಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಭಾನುವಾರ ಮನೆಗೆ ಬಂದವಳು ಮೊದಲು ಮಾಡಿದ್ದು ಒಂದು ಸುಲಭ ಪರೀಕ್ಷೆ. ಗೂಗಲಿನ ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ 'ಸೈಟ್' ಎಂದು ಬರೆದು, ಒಂದರ ಮೇಲೊಂದು ಎರಡು ಚುಕ್ಕಿ ಇಟ್ಟು, ನಡುವೆ ಜಾಗ ಬಿಡದೆ ನಮ್ಮ ಅಂಗಡಿಯ ವಿಳಾಸ ಹೊಡೆದಳು. ಹೀಗೆ ಮಾಡಿದರೆ ಆ ವಿಳಾಸದ ಯಾವೆಲ್ಲ ಪುಟ ಗೂಗಲಿನ ಪುಸ್ತಕದಲ್ಲಿದೆ ಎಂದು ಅಂದಾಜು ಸಿಗುತ್ತದೆ. ಪಕ್ಕಾ ಲೆಕ್ಕ ಅಲ್ಲ, ಅಂದಾಜು.

ನಮ್ಮ ಅಂಗಡಿಯಲ್ಲಿ 22 ಪುಟ. ಗೂಗಲ್ ತೋರಿಸಿದ್ದು 3. ಆ ಮೂರನ್ನೂ ಒತ್ತಿದರೆ 'ಪುಟ ಸಿಗಲಿಲ್ಲ' ಎಂಬ ಉತ್ತರ.

"ಚಿಕ್ಕಪ್ಪಾ, ಇತ್ತೀಚೆಗೆ ಎಂತಾದ್ರೂ ಬದಲು ಮಾಡಿದ್ದೀರಾ?" ಕೇಳಿದಳು.

ಮಾಡಿದ್ದೆವು. ಏಪ್ರಿಲಿನಲ್ಲಿ ವೆಬ್‌ಸೈಟಿಗೆ ಹೊಸ ರೂಪ ಕೊಡಿಸಿದ್ದೆವು. ಬಣ್ಣ ಬದಲಾಯಿತು, ಚಿತ್ರಗಳು ದೊಡ್ಡದಾದವು, ನೋಡಲು ಚೆಂದ ಆಯಿತು. ಮಾಡಿಕೊಟ್ಟವರು ಕೆಲಸ ಮುಗಿಸಿ ಹಣ ತೆಗೆದುಕೊಂಡು ಹೋದರು.

ಅವಳು ವರ್ಡ್‌ಪ್ರೆಸ್ಸಿನ ಸೆಟ್ಟಿಂಗ್ಸ್ ತೆರೆದು, ರೀಡಿಂಗ್ ಎಂಬ ಭಾಗಕ್ಕೆ ಹೋಗಿ ಕೆಳಗಿಳಿದಳು. ಅಲ್ಲೊಂದು ಸಣ್ಣ ಚೌಕ. ಸರ್ಚ್ ಎಂಜಿನ್‌ಗಳು ಈ ಸೈಟನ್ನು ದಾಖಲಿಸದಿರಲಿ ಎಂಬ ಅರ್ಥದ ಸಾಲು. ಅದಕ್ಕೆ ಟಿಕ್ ಬಿದ್ದಿತ್ತು.

"ಅಂಗಡಿ ಎಲ್ಲಿಗೂ ಹೋಗ್ಲಿಲ್ಲ. ಬಾಗಿಲಲ್ಲಿ 'ನಮ್ಮನ್ನು ಬರ್ಕೊಳ್ಬೇಡಿ' ಅಂತ ಬೋರ್ಡು ಹಾಕಿದ್ದೀರಿ, ಗೂಗಲ್ ಮರ್ಯಾದೆಯಿಂದ ವಾಪಸು ಹೋಗಿದೆ" ಅಂದಳು.

ವೆಬ್‌ಸೈಟ್ ಕಟ್ಟುವಾಗ ಅರ್ಧಂಬರ್ಧ ಪುಟ ಯಾರಿಗೂ ಕಾಣದಿರಲಿ ಎಂದು ಈ ಟಿಕ್ ಹಾಕುವುದು ಸರಿಯಾದ ಕ್ರಮವೇ. ಕೆಲಸ ಮುಗಿದ ಮೇಲೆ ತೆಗೆಯಲು ಮರೆತದ್ದು ತಪ್ಪು. ಈ ಟಿಕ್ ಇದ್ದರೆ ಪ್ರತಿ ಪುಟದ ತಲೆಯಲ್ಲಿ ನೋಇಂಡೆಕ್ಸ್ ಎಂಬ ಗುರುತು ಸೇರಿಕೊಳ್ಳುತ್ತದೆ. ನಮ್ಮ ನಿಮ್ಮ ಕಣ್ಣಿಗೆ ಅದು ಕಾಣದು, ಗೂಗಲಿಗೆ ಮಾತ್ರ ಕಾಣುತ್ತದೆ. ಹಾಗಾಗಿ ನಾವು ದಿನಕ್ಕೆ ಹತ್ತು ಸಲ ತೆರೆದು ನೋಡಿದರೂ ಅಂಗಡಿ ಚೆನ್ನಾಗಿಯೇ ಕಾಣುತ್ತಿತ್ತು.

ಇದರ ಜೊತೆಗೆ ಇನ್ನೊಂದು ಬೀಗ ಇರುವುದುಂಟು, ರೋಬೋಟ್ಸ್ ಫೈಲು. 1994ರಿಂದ ಬಳಕೆಯಲ್ಲಿರುವ ಪದ್ಧತಿ ಇದು. ತಿರುಗಾಳು ಎಲ್ಲಿಗೆ ಬರಬಹುದು, ಎಲ್ಲಿಗೆ ಬರಬಾರದು ಎಂದು ಗೇಟಿನಲ್ಲೇ ಬರೆದಿಡುವುದು. ಗೇಟಿನ ಬೋರ್ಡು ಬೇರೆ, ಒಳಗಿನ ಗುರುತು ಬೇರೆ. ಒಳಗಿನ ಗುರುತು ತೆಗೆದೆವು ಎಂದು ನಾವು ಖುಷಿಪಟ್ಟರೂ ಗೇಟು ಮುಚ್ಚಿಯೇ ಇದ್ದರೆ, ತೆಗೆದದ್ದು ಗೂಗಲಿಗೆ ತಿಳಿಯುವುದೇ ಇಲ್ಲ. ಎರಡನ್ನೂ ನೋಡಬೇಕು.

ಇಡೀ ಅಂಗಡಿ ಒಮ್ಮೆಗೇ ಮಾಯವಾದರೆ ನೋಡಬೇಕಾದ ಬೇರೆ ಕಾರಣಗಳೂ ಕೆಲವುಂಟು. ಡೊಮೇನ್ ಎಂಬ ವಿಳಾಸದ ಬಾಡಿಗೆ ಕಟ್ಟಲು ಮರೆತಿರಬಹುದು. ಸರ್ವರ್ ದಿನಗಟ್ಟಲೆ ಕೆಟ್ಟು ಕೂತಿರಬಹುದು. ಒಂದೆರಡು ಗಂಟೆ ಕೆಟ್ಟರೆ ಗೂಗಲ್ ಬಿಟ್ಟುಬಿಡುವುದಿಲ್ಲ, ಹಲವು ದಿನ ಹಾಗೇ ಇದ್ದರೆ ಪುಟಗಳನ್ನು ಕೈಬಿಡುತ್ತದೆ. ಇಲ್ಲವೇ ಕಳ್ಳರು ನುಗ್ಗಿರಬಹುದು. ಹಪ್ಪಳದ ಅಂಗಡಿಯ ಹೆಸರಿನಲ್ಲಿ ಜಪಾನೀ ಅಕ್ಷರದ ಪುಟಗಳು ಗೂಗಲಿನಲ್ಲಿ ಕಂಡರೆ ಕಳ್ಳ ಒಳಗಿದ್ದಾನೆ ಎಂದೇ ತಿಳಿಯಿರಿ. ಈ ಬಗೆಯ ನುಸುಳುವಿಕೆ ಲೋಕದಲ್ಲೆಲ್ಲ ಇದೆ. ಅದು ನಮ್ಮ ಕೈಯಲ್ಲಿ ಬಗೆಹರಿಯುವುದಲ್ಲ, ತಿಳಿದವರನ್ನು ಕರೆಸಲೇ ಬೇಕು.

ಮನೆ ಬದಲಾಯಿಸಿ ಹೊಸ ವಿಳಾಸ ಹೇಳದಿದ್ದರೆ?

ಟಿಕ್ ತೆಗೆದು ಎರಡು ವಾರ ಕಳೆಯುವಾಗ ಕೆಲವು ಪುಟ ಹಿಂದಿರುಗಿದವು. ಆದರೆ ಹಿಂದಿನ ಜಾಗದಲ್ಲಲ್ಲ. ಮೊದಲ ಸಾಲಿನಲ್ಲಿದ್ದ ಹಲಸಿನ ಹಪ್ಪಳ ಎಲ್ಲೋ ಹಿಂದೆ ಕೂತಿತ್ತು.

ಕಾರಣ ಇಷ್ಟು. ಹೊಸ ರೂಪ ಕೊಡುವಾಗ ಪ್ರತಿ ಪುಟದ ವಿಳಾಸವೂ ಬದಲಾಗಿತ್ತು. ಹಳೆಯ ವಿಳಾಸಕ್ಕೆ ಮೂರು ವರ್ಷದ ಗುರುತು ಪರಿಚಯ ಇತ್ತು. ಪತ್ರಿಕೆಯೊಂದರ ವೆಬ್‌ಸೈಟಿನಲ್ಲಿ ನಮ್ಮ ಬಗ್ಗೆ ಬರೆದಾಗ ಆ ವಿಳಾಸ ಕೊಟ್ಟಿದ್ದರು. ಗಿರಾಕಿಗಳು ವಾಟ್ಸಾಪಿನಲ್ಲಿ ಒಬ್ಬರಿಗೊಬ್ಬರು ಅದನ್ನೇ ಕಳಿಸುತ್ತಿದ್ದರು. ಎಲ್ಲರೂ ಬಂದು ನೋಡಿದರೆ ಖಾಲಿ ಜಾಗ. ಇದನ್ನೇ 404 ಎನ್ನುವುದು.

ಅಂಚೆ ಕಚೇರಿಯಲ್ಲಿ ಹೊಸ ವಿಳಾಸ ಬರೆದುಕೊಟ್ಟರೆ ಹಳೆಯ ಮನೆಗೆ ಬರುವ ಕಾಗದವನ್ನು ಹೊಸ ಮನೆಗೆ ಕಳಿಸುತ್ತಾರಲ್ಲ, ಅಂಥದ್ದೇ ವ್ಯವಸ್ಥೆ ಇಲ್ಲೂ ಉಂಟು. 301 ರೀಡೈರೆಕ್ಟ್ ಎಂದು ಹೆಸರು. ಹಳೆಯ ಹಪ್ಪಳದ ಪುಟಕ್ಕೆ ಬಂದವರು ತಾನಾಗಿ ಹೊಸ ಹಪ್ಪಳದ ಪುಟಕ್ಕೆ ಹೋಗುತ್ತಾರೆ. ಗೂಗಲೂ ಹೋಗುತ್ತದೆ, ಹಳೆಯ ಪರಿಚಯವನ್ನು ಹೊಸ ವಿಳಾಸಕ್ಕೆ ಸೇರಿಸಿಕೊಳ್ಳುತ್ತದೆ. ಕನಿಷ್ಠ ಒಂದು ವರ್ಷವಾದರೂ ಇದನ್ನು ಇಟ್ಟಿರಬೇಕು ಎಂದು ಗೂಗಲ್ ಹೇಳುತ್ತದೆ. ನಾನಂತೂ ತೆಗೆಯುವ ಯೋಚನೆಯಲ್ಲೇ ಇಲ್ಲ.

ಒಂದು ಎಚ್ಚರ. ಸುಲಭ ಎಂದು ಎಲ್ಲ ಹಳೆಯ ವಿಳಾಸಗಳನ್ನೂ ಮುಖಪುಟಕ್ಕೆ ತಿರುಗಿಸುವವರಿದ್ದಾರೆ. ಜೇನು ಕೇಳಿ ಬಂದವರನ್ನು ಅಂಗಡಿಯ ಮೆಟ್ಟಿಲಲ್ಲಿ ನಿಲ್ಲಿಸಿದಂತೆ ಅದು. ಅಂಥ ತಿರುವನ್ನು ಗೂಗಲ್ ಲೆಕ್ಕಕ್ಕೆ ಹಿಡಿಯದೆ, ಪುಟ ಇಲ್ಲವೆಂದೇ ಭಾವಿಸಬಹುದು. ಒಂದೊಂದು ಹಳೆಯ ಪುಟಕ್ಕೂ ಅದರದ್ದೇ ಹೊಸ ಜೋಡಿ ಹುಡುಕಿ ಕೊಡಬೇಕು. 22 ಪುಟಕ್ಕೆ ನಮಗೆ ಹಿಡಿದದ್ದು ಒಂದು ಸಂಜೆ.

ಫಸಲು ಮುಗಿಯಿತೆಂದು ಮರ ಕಡಿಯುತ್ತೇವೆಯೇ?

ಇನ್ನು ಹೇಳುವುದು ಯಾರೋ ಮಾಡಿಟ್ಟ ತಪ್ಪಲ್ಲ. ನಾವೇ ಪ್ರತಿ ವರ್ಷ ಮಾಡುತ್ತಿದ್ದದ್ದು. ನೇರ ಮಾರಾಟ ಮಾಡುವ ಕೃಷಿಕರಲ್ಲಿ ಇದು ತುಂಬ ಕಡೆ ಇದೆ ಎಂದು ನನ್ನ ಅನಿಸಿಕೆ.

ನಮ್ಮ ಮಾಲು ಕಾರ್ಖಾನೆಯದ್ದಲ್ಲ. ಹಪ್ಪಳ ಬೇಸಿಗೆಯಲ್ಲಿ ಒತ್ತಿದ್ದು ಮುಂದಿನ ಡಿಸೆಂಬರಿಗೆ ಮುಗಿಯುತ್ತದೆ. ಮಾಂಬಳ ಅದಕ್ಕೂ ಮೊದಲೇ ಖಾಲಿ. ಖಾಲಿಯಾದ ಕೂಡಲೇ ನಾನು ಏನು ಮಾಡುತ್ತಿದ್ದೆ? ಇಲ್ಲದ ಮಾಲಿಗೆ ಆರ್ಡರ್ ಬಂದರೆ ಮರ್ಯಾದೆ ಪ್ರಶ್ನೆ ಎಂದು ಆ ಪುಟವನ್ನೇ ಅಳಿಸಿಬಿಡುತ್ತಿದ್ದೆ. ಬೇಸಿಗೆ ಬಂದಾಗ ಹೊಸ ಪುಟ, ಹೊಸ ವಿಳಾಸ.

ಅಂದರೆ ಏಳೆಂಟು ತಿಂಗಳಲ್ಲಿ ಬೇರು ಹಿಡಿದ ಗಿಡವನ್ನು ಕಿತ್ತು, ಮುಂದಿನ ವರ್ಷ ಮತ್ತೆ ಬೀಜ ಹಾಕುವುದು! ಹೊಸ ಪುಟವನ್ನು ಗೂಗಲ್ ಕಂಡು, ಓದಿ, ಬರೆದುಕೊಳ್ಳಲು ಕೆಲವು ದಿನದಿಂದ ಕೆಲವು ವಾರ ಬೇಕು. ಅಷ್ಟರಲ್ಲಿ ನಮ್ಮ ಸೀಸನ್ನೇ ಅರ್ಧ ಕಳೆದಿರುತ್ತದೆ.

ಸರಿಯಾದ ಕ್ರಮ ಏನೆಂದರೆ ಪುಟವನ್ನು ಅಲ್ಲೇ ಇರಲು ಬಿಡುವುದು. 'ಈ ವರ್ಷದ ಮಾಲು ಮುಗಿದಿದೆ, ಮುಂದಿನದು ಏಪ್ರಿಲಿನಲ್ಲಿ' ಎಂದು ಬರೆದು, ಕೊಳ್ಳುವ ಗುಂಡಿಯನ್ನು ಮಾತ್ರ ತೆಗೆಯುವುದು. ಅಂಗಡಿಯ ತಂತ್ರಾಂಶದಲ್ಲಿ 'ಸ್ಟಾಕ್ ಇಲ್ಲ' ಎಂಬ ಗುರುತು ಇರುತ್ತದೆ, ಅದನ್ನು ಹಾಕಿದರೆ ಗೂಗಲಿಗೂ ತಿಳಿಯುತ್ತದೆ. ಜೊತೆಗೆ 'ಬಂದಾಗ ತಿಳಿಸಿ' ಎಂದು ಫೋನ್ ನಂಬರ್ ಬರೆದುಕೊಳ್ಳುವ ಜಾಗ ಇಟ್ಟರೆ ಇನ್ನೂ ಲೇಸು. ಕಳೆದ ಮಳೆಗಾಲದಲ್ಲಿ ಖಾಲಿ ಮಾಂಬಳದ ಪುಟದಿಂದಲೇ ನಮಗೆ 31 ನಂಬರು ಸಿಕ್ಕಿದವು. ಅವರಲ್ಲಿ ಹೆಚ್ಚಿನವರು ಈ ಬೇಸಿಗೆಯಲ್ಲಿ ಮಾಂಬಳ ಕೊಂಡರು.

ಎರವಲು ಮಾತು ನಡೆಯದು

ಇಷ್ಟೆಲ್ಲ ಮಾಡಿದರೂ ಐದು ಪುಟ ಮಾತ್ರ ಹಿಂದೆ ಬರಲೇ ಇಲ್ಲ. ಗೂಗಲ್ ಬಂದು ಓದಿಹೋದದ್ದು ದಾಖಲೆಯಲ್ಲಿದೆ, ಬರೆದುಕೊಂಡಿಲ್ಲ. ಅಂದರೆ, ಓದಿ ನೋಡಿ 'ಬೇಡ' ಎಂದಿದೆ!

ಆ ಪುಟಗಳನ್ನು ತೆರೆದು ಓದಿದಾಗ ನನಗೇ ನಾಚಿಕೆಯಾಯಿತು. ಪುನರ್ಪುಳಿಯ ಒಣ ಸಿಪ್ಪೆಯ ವಿವರ ಬೇರೆ ಯಾರದೋ ಅಂಗಡಿಯಿಂದ ಎತ್ತಿದ್ದು. ಅದೇ ನಾಲ್ಕು ಸಾಲು ಹತ್ತು ಅಂಗಡಿಗಳಲ್ಲಿದೆ. ಹಪ್ಪಳಕ್ಕೆ 25, 50, 100 ಎಂದು ಮೂರು ಕಟ್ಟಿಗೆ ಮೂರು ಪುಟ, ಮೂರರಲ್ಲೂ ಒಂದೇ ಮಾತು. ಜೇನಿನ ಪುಟದಲ್ಲಿ ಮಾತೇ ಇಲ್ಲ, ಎಲ್ಲ ವಿವರವನ್ನೂ ಬಣ್ಣದ ಪೋಸ್ಟರಿನೊಳಗೆ ಚಿತ್ರವಾಗಿ ಹಾಕಿದ್ದೆವು. ಚಿತ್ರದೊಳಗಿನ ಅಕ್ಷರವನ್ನು ಗೂಗಲ್ ನೆಚ್ಚಿಕೊಳ್ಳುವುದಿಲ್ಲ, ಬರೆದ ಮಾತೇ ಬೇಕು.

ಒಂದೇ ಮಾತು ಹತ್ತು ಕಡೆ ಇದ್ದರೆ ಗೂಗಲ್ ಸಾಮಾನ್ಯವಾಗಿ ಒಂದನ್ನು ಮೂಲವೆಂದು ಆರಿಸಿ ಉಳಿದದ್ದನ್ನು ಬದಿಗಿಡುತ್ತದೆ. ಆ ಒಂದು ನಮ್ಮದೇ ಆಗುತ್ತದೆಂದು ಭರವಸೆ ಇಲ್ಲ. ದೊಡ್ಡ ಮಾರಾಟ ತಾಣಗಳಲ್ಲೂ ಮಾಲು ಇಡುವವರು ಇದನ್ನು ಗಮನಿಸಬೇಕು. ಅಲ್ಲಿ ಹಾಕಿದ ವಿವರವನ್ನೇ ಸ್ವಂತ ಅಂಗಡಿಯಲ್ಲೂ ಅಂಟಿಸಿದರೆ, ದೊಡ್ಡವರ ಪುಟ ಉಳಿದು ನಮ್ಮದು ಅಳಿಯುವ ಸಾಧ್ಯತೆಯೇ ಹೆಚ್ಚು.

ಮೂರು ಕಟ್ಟಿನ ಮೂರು ಪುಟವನ್ನು ಒಂದು ಮಾಡಿದೆವು. ಕಟ್ಟಿನ ಅಳತೆ ಅಲ್ಲೇ ಆರಿಸಿಕೊಳ್ಳಬಹುದು. ಬೇರೆ ಬೇರೆ ಪುಟ ಇರಲೇಬೇಕೆಂದಿದ್ದರೆ, ಇವುಗಳಲ್ಲಿ ಮುಖ್ಯವಾದದ್ದು ಇದು ಎಂದು ತಿಳಿಸುವ ಕ್ಯಾನಾನಿಕಲ್ ಎಂಬ ಗುರುತು 2009ರಿಂದಲೂ ಇದೆ.

ಇನ್ನು ವಿವರ. ಇದನ್ನು ಯಾರೂ ನಮಗೆ ಬರೆದುಕೊಡಲಾರರು, ನಾವೇ ಬರೆಯಬೇಕು. ನಮ್ಮ ಪುನರ್ಪುಳಿ ಎಂಥ ಜಾಗದಲ್ಲಿ ಬೆಳೆದದ್ದು, ಎಷ್ಟು ಬಿಸಿಲು ಒಣಗಿಸಿದ್ದೇವೆ, ಉಪ್ಪು ಹಾಕಿದ್ದೇವೋ ಇಲ್ಲವೋ, ಎಷ್ಟು ಸಿಪ್ಪೆಗೆ ಎಷ್ಟು ಲೋಟ ಶರಬತ್ತು, ಮಳೆಗಾಲದಲ್ಲಿ ಬೂಸಲು ಬರದಂತೆ ಹೇಗೆ ಇಡುವುದು. ಗಿರಾಕಿಗಳು ಫೋನಿನಲ್ಲಿ ಕೇಳುವ ಪ್ರಶ್ನೆಗಳೇ ಇವು. ಉತ್ತರವನ್ನು ಪುಟದಲ್ಲಿ ಬರೆದರೆ ಆಯಿತು.

ಹೆಸರಿನ ವಿಷಯವೂ ಅಷ್ಟೇ ಮುಖ್ಯ. ನಮಗೆ ಪುನರ್ಪುಳಿ, ಉತ್ತರ ಕನ್ನಡದವರಿಗೆ ಮುರುಗಲು, ಪೇಟೆಯವರಿಗೆ ಕೋಕಂ. ನಾವು ಪುನರ್ಪುಳಿ ಎಂದಷ್ಟೇ ಬರೆದು ಕೂತರೆ ಕೋಕಂ ಹುಡುಕುವ ಬೆಂಗಳೂರಿನವರಿಗೆ ಸಿಗುವುದು ಹೇಗೆ? ಇನ್ನು, ಕನ್ನಡ ಬಲ್ಲವರೂ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ 'ಹಲಸಿನ ಹಪ್ಪಳ' ಎಂದು ಹೊಡೆಯುತ್ತಾರೆ. ಎಲ್ಲ ಹೆಸರೂ ಪುಟದಲ್ಲಿ ಸಹಜವಾಗಿ ಒಂದೊಂದು ಸಲ ಬರಲಿ. ಹಾಗೆಂದು ಅದೇ ಹೆಸರನ್ನು ನಲ್ವತ್ತು ಸಲ ತುರುಕಿದರೆ ಗೂಗಲ್ ಅದನ್ನು ಮೋಸವೆಂದೇ ಲೆಕ್ಕ ಹಾಕುತ್ತದೆ.

ನಾನು ಕೂತು ಐದು ಪುಟ ಹೊಸದಾಗಿ ಬರೆದೆ. ಮೂರು ಪುಟ ಆಗಸ್ಟಿನೊಳಗೆ ಹಿಂದೆ ಬಂದವು. ಪುನರ್ಪುಳಿ ಬಂದದ್ದು ಸೆಪ್ಟೆಂಬರಿನಲ್ಲಿ. ಒಂದು ಇಂದಿಗೂ ಬಂದಿಲ್ಲ. ಎಲ್ಲ ಪುಟವನ್ನೂ ಸೇರಿಸಿಕೊಳ್ಳುತ್ತೇವೆ ಎಂದು ಗೂಗಲ್ ಯಾರಿಗೂ ಮಾತು ಕೊಟ್ಟಿಲ್ಲ. ಅದನ್ನೂ ಒಪ್ಪಿಕೊಳ್ಳಬೇಕು.

ಮಂತ್ರ ಹಾಕುವವರು

ನಮ್ಮ ಕಷ್ಟ ನಾಲ್ಕು ಕಡೆ ಹೇಳಿಕೊಂಡದ್ದೇ ತಡ, ಫೋನುಗಳು ಬರತೊಡಗಿದವು. "ತಿಂಗಳಿಗೆ 15 ಸಾವಿರ ಕೊಡಿ, ಗೂಗಲಿನಲ್ಲಿ ನಿಮ್ಮನ್ನು ನಂಬರ್ ಒನ್ ಮಾಡ್ತೇವೆ, ಗ್ಯಾರಂಟಿ." ಒಬ್ಬರಂತೂ ಗೂಗಲಿನ ಒಳಗೇ ತಮಗೆ ಜನ ಉಂಟು ಎಂದರು.

ನೆನಪಿಡಿ, ಮೊದಲ ಸ್ಥಾನದ ಗ್ಯಾರಂಟಿ ಯಾರಿಂದಲೂ ಸಾಧ್ಯವಿಲ್ಲ ಎಂದು ಗೂಗಲೇ ಹೇಳಿದೆ. ಜಾಹೀರಾತು ಬೇರೆ, ಅದಕ್ಕೆ ಹಣ. ಆದರೆ ಸಹಜ ಫಲಿತಾಂಶದಲ್ಲಿ ಪುಟ ಸೇರಿಸಲು, ಮೇಲೆ ತರಲು ಗೂಗಲ್ ಹಣ ತೆಗೆದುಕೊಳ್ಳುವುದಿಲ್ಲ. ಈ ಮಂತ್ರ ಹಾಕುವವರಲ್ಲಿ ಕೆಲವರು ಸಾವಿರಗಟ್ಟಲೆ ಕಳಪೆ ತಾಣಗಳಿಂದ ನಮಗೆ ಕೊಂಡಿ ಹಾಕಿಸುತ್ತಾರೆ. ಅದು ಗೂಗಲಿಗೆ ಗೊತ್ತಾಗಿ ಶಿಕ್ಷೆ ಕೊಟ್ಟರೆ ಆಗ ನಿಜವಾಗಿಯೂ ಮಾಯ!

ಬಲ್ಲವರಿಗೆ ಹಣ ಕೊಡಬಾರದು ಎಂದಲ್ಲ. ಇಂಥದ್ದು ಕೆಟ್ಟಿದೆ, ಇಂಥದ್ದು ಸರಿಮಾಡುತ್ತೇನೆ, ಇಷ್ಟು ಹಣ ಎನ್ನುವವರನ್ನು ನಂಬಬಹುದು. ಏನು ಕೆಟ್ಟಿದೆ ಎಂದು ಹೇಳದೆ ತಿಂಗಳ ಬಾಡಿಗೆ ಕೇಳುವವರಿಂದ ದೂರ ಇರುವುದು ಒಳ್ಳೆಯದು.

ಬೀಗದ ಕೈ ಯಾರಲ್ಲಿ?

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ.

ಅಂಗಡಿಯ ಮಾಲಿಕರು ಎಲ್ಲೆಲ್ಲಿ ಕೆಟ್ಟಿದೆ ಎಂದು ನೋಡಿಕೊಳ್ಳಲು ಗೂಗಲ್ ಒಂದು ಪುಸ್ತಕವನ್ನು ಪುಕ್ಕಟೆ ಕೊಟ್ಟಿದೆ. ಹೆಸರು ಸರ್ಚ್ ಕನ್ಸೋಲ್. 2015ರವರೆಗೆ ಇದಕ್ಕೆ ವೆಬ್‌ಮಾಸ್ಟರ್ ಟೂಲ್ಸ್ ಎಂದಿತ್ತು. ಯಾವ ಪುಟ ಪುಸ್ತಕದಲ್ಲಿದೆ, ಯಾವುದು ಇಲ್ಲ, ಇಲ್ಲದಿದ್ದರೆ ಏಕೆ ಎಂದು ಅದರಲ್ಲಿ ಬರೆದಿರುತ್ತದೆ. ಒಂದು ಪುಟದ ವಿಳಾಸ ಹಾಕಿದರೆ ಅದರ ಜಾತಕವೇ ಸಿಗುತ್ತದೆ. ಸರಿಮಾಡಿದ ಮೇಲೆ 'ಮತ್ತೊಮ್ಮೆ ಬಂದು ನೋಡಿ' ಎಂದು ಕೇಳುವ ಗುಂಡಿಯೂ ಇದೆ. ಒಮ್ಮೆ ಒತ್ತಿದರೆ ಸಾಕು, ಹತ್ತು ಸಲ ಒತ್ತಿದರೆ ಬೇಗ ಬರುವುದಿಲ್ಲ.

ನಮ್ಮ ಅಂಗಡಿಗೂ ಈ ಪುಸ್ತಕ ಇತ್ತು. ಮಾಡಿಕೊಟ್ಟವರು 2021ರಲ್ಲೇ ತೆರೆದಿದ್ದರು, ಅವರ ಹೆಸರಿನಲ್ಲಿ! ನೋಇಂಡೆಕ್ಸಿನ ಕಾರಣ ಪುಟಗಳನ್ನು ಬಿಟ್ಟಿದ್ದೇವೆ ಎಂದು ಅದರಲ್ಲಿ ಏಪ್ರಿಲಿನಿಂದಲೇ ಬರೆದಿತ್ತು. ಓದುವವರು ಯಾರೂ ಇರಲಿಲ್ಲ. ಡೊಮೇನೂ ಅವರದೇ ಹೆಸರಿನಲ್ಲಿತ್ತು. ನಮ್ಮ ಅಂಗಡಿ ಎಂದು ನಾವು ಹೇಳಿಕೊಳ್ಳುತ್ತಿದ್ದದ್ದಷ್ಟೇ, ಆರ್‌ಟಿಸಿ ಬೇರೆಯವರ ಹೆಸರಿನಲ್ಲಿ ಇದ್ದ ಹಾಗಾಯಿತು.

ಅವರು ಕೆಟ್ಟವರಲ್ಲ. ಕೇಳಿದ ಕೂಡಲೇ ಎಲ್ಲವನ್ನೂ ನಮ್ಮ ಹೆಸರಿಗೆ ಮಾಡಿಕೊಟ್ಟರು. ಕೇಳದೆ ಕೂತದ್ದು ನಾವು. ಜಾಗದ ಪಹಣಿಯಲ್ಲಿ ಒಂದು ಸೆಂಟ್ಸ್ ಹೆಚ್ಚುಕಡಿಮೆಯಾದರೆ ತಾಲೂಕು ಕಚೇರಿಗೆ ಹತ್ತು ಸಲ ಅಲೆಯುವ ನಾವು, ಈ ಪಹಣಿ ಯಾರ ಹೆಸರಿನಲ್ಲಿದೆ ಎಂದು ಮೂರು ವರ್ಷ ನೋಡಿಯೇ ಇರಲಿಲ್ಲ.

ಹಾಗಾಗಿ ವೆಬ್‌ಸೈಟ್ ಇರುವ ಪ್ರತಿ ಕೃಷಿಕರಲ್ಲೂ ನನ್ನ ಕೋರಿಕೆ ಇಷ್ಟೆ. ಡೊಮೇನ್, ಹೋಸ್ಟಿಂಗ್, ಸರ್ಚ್ ಕನ್ಸೋಲ್ ಮೂರೂ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ ಇರಲಿ. ಕೆಲಸ ಮಾಡುವವರಿಗೆ ಬೇಕಾದಷ್ಟು ಪ್ರವೇಶ ಕೊಡಿ, ಕೈ ಮಾತ್ರ ನಿಮ್ಮ ಹತ್ತಿರ ಇರಲಿ. ತಿಂಗಳಿಗೊಮ್ಮೆ, ಕರೆಂಟು ಬಿಲ್ಲು ನೋಡುವ ದಿನವೇ, ಈ ಪುಸ್ತಕವನ್ನೂ ತೆರೆದು ನೋಡಿ. ವೆಬ್‌ಸೈಟಿಗೆ ದೊಡ್ಡ ಬದಲಾವಣೆ ಮಾಡಿಸುವುದಿದ್ದರೆ ಸೀಸನ್ ಮುಗಿದ ಮೇಲೆ ಮಾಡಿಸಿ. ಕೊಯ್ಲಿನ ಹೊತ್ತಿಗೆ ಯಾರಾದರೂ ಅಂಗಳ ಅಗೆಯುತ್ತಾರೆಯೇ? ನಾವು ಅದನ್ನೇ ಮಾಡಿದ್ದು.

"ಇಷ್ಟೆಲ್ಲ ತಲೆಬಿಸಿ ಯಾಕೆ ಮಾರಾಯ್ರೆ, ದೊಡ್ಡ ಕಂಪೆನಿಯ ತಾಣದಲ್ಲಿ ಇಟ್ಟರೆ ಆಯ್ತಲ್ಲ?" ಎಂದು ಭಾವ ಕೇಳಿದರು. ಇಡಬಹುದು, ನಾವೂ ಸ್ವಲ್ಪ ಇಟ್ಟಿದ್ದೇವೆ. ಆದರೆ ಅಲ್ಲಿ ಗಿರಾಕಿ ಅವರದ್ದು, ನಮ್ಮದಲ್ಲ. ಕಮಿಷನ್ ಎಷ್ಟು ಎಂದು ಅವರೇ ನಿರ್ಧರಿಸುವುದು. ಮಧ್ಯವರ್ತಿ ಬೇಡ ಎಂದು ನೇರ ಮಾರಾಟಕ್ಕೆ ಇಳಿದವರು ಇನ್ನೂ ದೊಡ್ಡ ಮಧ್ಯವರ್ತಿಯ ಕೈಗೆ ಪೂರ್ತಿ ಹೋಗಿ ಬೀಳುವುದು ಜಾಣತನವೇ?

ಗೂಗಲಿಗೂ ಅದೇ ಮಾತು. ಅದೂ ಒಬ್ಬ ಮಧ್ಯವರ್ತಿಯೇ. ದಾರಿ ತೋರಿಸಲು ಇಂದು ಹಣ ಕೇಳುವುದಿಲ್ಲ ಅಷ್ಟೆ. 2024ರ ಆಗಸ್ಟಿನಿಂದ ನಮ್ಮ ದೇಶದಲ್ಲೂ ಕೆಲವು ಪ್ರಶ್ನೆಗಳಿಗೆ ಗೂಗಲ್ ತಾನೇ ಕೃತಕ ಬುದ್ಧಿಯಿಂದ ಉತ್ತರ ಬರೆದು ಮೇಲೆ ತೋರಿಸುತ್ತಿದೆ. ಓದಿದವರು ಕೆಳಗಿನ ಅಂಗಡಿಗಳವರೆಗೆ ಇಳಿಯದೆಯೂ ಇರಬಹುದು. ಆದ್ದರಿಂದ ಪುಟ ಸರಿಮಾಡಿಕೊಳ್ಳೋಣ, ಅದನ್ನೊಂದನ್ನೇ ನಂಬಿ ಕೂರುವುದು ಬೇಡ. ಆ ಬೇಸಿಗೆಯಲ್ಲಿ ನಮ್ಮನ್ನು ಉಳಿಸಿದ್ದು ಹಳೇ ಪೊಟ್ಟಣದ ಮೇಲಿನ ಫೋನ್ ನಂಬರು. ಹಪ್ಪಳ ಒತ್ತಲು ಬರುವ ಐದು ಮಂದಿ ಹೆಂಗಸರ ಸಂಬಳ ಗೂಗಲಿಗಾಗಿ ಕಾಯುವುದಿಲ್ಲ. ಹಳೆಯ ಗಿರಾಕಿಗಳ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಫೋನ್ ಮಾಡಿದೆವು. ಉಳಿದ ಹಪ್ಪಳವನ್ನು ಪೇಟೆಯ ಅಂಗಡಿಗೆ ಅರ್ಧ ಬೆಲೆಗೆ ಕೊಟ್ಟೆವು. ಒಂದು ಟಿಕ್ಕಿನ ಬೆಲೆ ಅದು.

ನಾನು ಮೌಲ್ಯವರ್ಧನೆಯ ಎರಡು ತರಬೇತಿಗಳಿಗೆ ಹೋಗಿದ್ದೇನೆ. ಪ್ಯಾಕಿಂಗ್, ಲೇಬಲ್, ಪರವಾನಗಿ ಎಲ್ಲ ಚೆನ್ನಾಗಿ ಹೇಳಿಕೊಟ್ಟರು. ಮಾರುವ ಪುಟ ಕಾಣದೆ ಹೋದರೆ ಏನು ಮಾಡಬೇಕು ಎಂದು ಯಾರೂ ಹೇಳಲಿಲ್ಲ. ಇನ್ನು ಮುಂದೆ ತರಬೇತಿ ನಡೆಸುವವರು, ರೈತ ಉತ್ಪಾದಕ ಕಂಪೆನಿಗಳವರು ಇದಕ್ಕೊಂದು ಅರ್ಧ ದಿನ ಇಡಬೇಕು. ಊರಿಗೊಬ್ಬ ಹುಡುಗ ಅಥವಾ ಹುಡುಗಿ ಇಷ್ಟು ಕಲಿತರೂ ಹತ್ತು ಮನೆಗಳ ಅಂಗಡಿ ಕಾಯಬಹುದು. ಇದಕ್ಕೆ ಎಂಜಿನಿಯರಿಂಗ್ ಓದಬೇಕಾಗಿಲ್ಲ. ಕಲಿಯುವ ಆಸಕ್ತಿ, ತಿಂಗಳಿಗೊಂದು ಗಂಟೆ ಬಿಡುವು ಇದ್ದರೆ ಸಾಕು.

ಅಂದ ಹಾಗೆ, ಫೋನ್ ಮಾಡಿದ ಆ ಗಿರಾಕಿ ಈ ಏಪ್ರಿಲಿನಲ್ಲೂ ಹಪ್ಪಳ ತರಿಸಿದರು. "ಈ ಸಲ ಗೂಗಲ್‌ನಲ್ಲೇ ಸಿಕ್ತು ಸಾರ್" ಎಂದರು. ಆದರೂ ಪೊಟ್ಟಣದ ಮೇಲಿನ ನಂಬರನ್ನು ನಾವೀಗ ಮೊದಲಿಗಿಂತ ದೊಡ್ಡದಾಗಿ ಅಚ್ಚು ಹಾಕಿಸುತ್ತಿದ್ದೇವೆ.